ಲೇಬಲ್ ಮೇಲೆ ಲೇಬಲ್

ಮಾರ್ಚ್ 4, ಬೆಳಿಗ್ಗೆ 9:20

ಬ್ಯಾಕಪ್ ಟೇಪು ಡ್ರೈವಿನಲ್ಲೇ ಕಚ್ಚಿಕೊಂಡಿದೆ. ಇಜೆಕ್ಟ್ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಗುರ್ ಎಂದಿತು, ಅಷ್ಟೇ. ಆಫ್ ಮಾಡಿ ಆನ್ ಮಾಡಿದೆ — ಅದೇ ಗುರ್. ನಿನ್ನೆ ಸರ್ವರ್ ಕೈಕೊಟ್ಟಿದೆ. ಆಸ್ಪತ್ರೆಯ ಮೂರು ತಿಂಗಳ ಸ್ಕ್ಯಾನ್‌ಗಳು ಇರುವುದು ಇದೊಂದೇ ಟೇಪಿನಲ್ಲಿ. ಮ್ಯಾನೇಜರ್ ಆಗಲೇ ಮೂರು ಸಲ ಇಣುಕಿ ಹೋದರು.

ಅಕ್ಕ ಮಾತ್ರ ತಣ್ಣಗಿದ್ದಾರೆ. ಈ ಸರ್ವರ್ ರೂಮಿನಲ್ಲಿ ಇಪ್ಪತ್ತಾರು ವರ್ಷ. ನನಗೆ ಕೆಲಸ ಕಲಿಸಿದವರು. ಇಡೀ ಆಸ್ಪತ್ರೆಗೇ ಅಕ್ಕ.

"ಎಳೀಬೇಡ ಕಣೋ. ಮುಚ್ಚಳ ಬಿಚ್ಚೋಣ."

ಮಧ್ಯಾಹ್ನ 1:00

ಹಲ್ಲಿನ ಚಕ್ರವನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಹಲ್ಲು ತಿರುಗಿಸುತ್ತ ಟೇಪನ್ನು ಒಳಕ್ಕೆ ಸುತ್ತಿದರು ಅಕ್ಕ. ಒಂದೂವರೆ ಗಂಟೆ. ಕಾರ್ಟ್ರಿಜ್ ಈಚೆ ಬಂತು. ಟೇಪು ಆಗಲೇ ಹರಿದಿತ್ತು.

ಕಾರಣವೂ ಸಿಕ್ಕಿತು. ಕಾರ್ಟ್ರಿಜ್ ಮೇಲಿನ ಹಳೇ ಲೇಬಲ್ ಕೀಳದೆ ಅದರ ಮೇಲೇ ಹೊಸದು ಅಂಟಿಸಿದ್ದಾರೆ. ಅಂಚು ಎದ್ದು ಒಳಗೆ ಸಿಕ್ಕಿಕೊಂಡಿದೆ.

ಅಂಟಿಸಿದ್ದಾರಂತೆ! ಅಂಟಿಸಿದವನು ನಾನು. ಕಳೆದ ವಾರ, ಅಕ್ಕ ಬೇಗ ಹೊರಟ ದಿನ. "ನೀವು ಹೊರಡಿ ಅಕ್ಕಾ, ಲೇಬಲ್ ಹಚ್ಚಿ ನಾನು ಎತ್ತಿಡ್ತೀನಿ" ಎಂದಿದ್ದೆ. ರಿಜಿಸ್ಟರಿನಲ್ಲಿ ಸಹಿ ಮಾತ್ರ ಅವರದು, ಹೊರಡುವ ಮೊದಲೇ ಹಾಕಿದ್ದು.

ಮಾರ್ಚ್ 6

ವಿಚಾರಣೆ. ಮ್ಯಾನೇಜರ್ ರಿಜಿಸ್ಟರ್ ತಿರುಗಿಸಿ ಅಕ್ಕನ ಮುಂದೆ ತಳ್ಳಿದರು.

"ಈ ಸಹಿ ನಿಮ್ದೇ ತಾನೇ?"

ಅಕ್ಕ ನನ್ನತ್ತ ನೋಡಿದರು. ಬೈಗುಳವಿಲ್ಲ, ಬೇಡಿಕೆಯಿಲ್ಲ. ಕಾದರು. ನಾನು ಮೇಜಿನ ಕಾಲು ನೋಡುತ್ತಿದ್ದೆ.

"ಸಹಿ ನಂದೇ" ಅಂದರು.

ಈಗ ಹೇಳಬೇಕು, ಈಗ... ಅಂದುಕೊಳ್ಳುತ್ತಿದ್ದಂತೆ ಎಲ್ಲರೂ ಎದ್ದರು.

ಮಾರ್ಚ್ 15

ಅಕ್ಕನನ್ನು ನೆಲಮಾಳಿಗೆಗೆ ಹಾಕಿದ್ದಾರೆ. ಹಳೇ ಫೈಲುಗಳ ಕೋಣೆ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳೂ ಇಲ್ಲ. ಅವರ ಕುರ್ಚಿ ನನಗೆ.

ಹೆಂಡತಿಗೆ ಖುಷಿ. "ಬಡ್ತಿ ಸಿಕ್ಕವರ ಮುಖಾನಾ ಇದು?"

ತಲೆನೋವು ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ. ನಿಜ ಮಾತ್ರ ಬರುವುದಿಲ್ಲ.

ಮಾರ್ಚ್ 22

ಮತ್ತೆ ಸ್ಕ್ಯಾನ್ ಮಾಡಿಸಲು ಕರೆಸಿದ ರೋಗಿಗಳ ಸಾಲು ನಮ್ಮ ಬಾಗಿಲವರೆಗೂ ಬಂದಿದೆ. ಮುದುಕರೊಬ್ಬರು ನನ್ನ ತೋಳು ಹಿಡಿದರು. "ಇನ್ನೊಂದ್ಸಲ ಆ ಕೊಳವೆ ಒಳಗೆ ಮಲಗ್ಬೇಕೇನಪ್ಪಾ? ಉಸಿರು ಕಟ್ಟುತ್ತೆ." ಯಾರ ತಪ್ಪಿಗೆ ಅಂತ ಅವರು ಕೇಳಲಿಲ್ಲ.

ಜುಲೈ 2

ಅಕ್ಕನ ಕೊನೇ ದಿನ. ಬೀಳ್ಕೊಡುಗೆ ಬೇಡ ಅಂದರಂತೆ. ಬೇಕು ಅಂತ ಒತ್ತಾಯಿಸಿದವರೂ ಇಲ್ಲ. ಕಿಟಕಿಯಿಂದ ನೋಡಿದೆ — ಭುಜಕ್ಕೊಂದು ಚೀಲ, ನಿಧಾನಕ್ಕೆ ಗೇಟಿನ ಕಡೆ. ಇಳಿದು ಹೋಗಲು ಎರಡೇ ಮಹಡಿ. ಹೋಗಲಿಲ್ಲ.

ಜುಲೈ 19, ಸಂಜೆ

ಇವತ್ತು ಫೋನ್ ಮಾಡಿಯೇಬಿಟ್ಟೆ.

"ಅಕ್ಕಾ, ನಾನು."

"ಗೊತ್ತಾಯ್ತು. ಹೇಳು."

"ಚೆನ್ನಾಗಿದ್ದೀರಾ ಅಂತ..."

"ಇದ್ದೀನಿ. ಅಷ್ಟೇನಾ?"

"ಅಷ್ಟೇ ಅಕ್ಕಾ."

ಅವರು ಫೋನ್ ಇಡಲಿಲ್ಲ. ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಅವತ್ತಿನ ಹಾಗೆಯೇ ಕಾಯುತ್ತಿದ್ದರು. ನಾನೇ ಫೋನ್ ಇಟ್ಟೆ.