ಹುರಮಂಜು ಹಚ್ಚಿದ ಕಿವಿ

ಕಮಲಾಪುರ
ಕಾರಹುಣ್ಣಿಮೆ ಮುಗಿದ ಶುಕ್ರವಾರ

ಮಗಳು ಸಂಘಮಿತ್ರಾಗ ನಿಮ್ಮವ್ವ ಪುತಳಾಬಾಯಿ ಮಾಡುವ ಜೈಭೀಮ್.

ಫೋನ್ ಹಚ್ಚಿ ಹಚ್ಚಿ ಬೆರಳು ನೋಯಾಕತ್ತಾವ, ನೀ ಎತ್ತವಲ್ಲಿ. ಎತ್ತದಿದ್ರ ಬಿಡು. ಕಾಗದ ಬಂದಮ್ಯಾಲ ಓದಲೇಬೇಕಲ್ಲ.

ನಿನ್ನ ಸಿಟ್ಟು ಸುಳ್ಳಲ್ಲ. ಹಬ್ಬದ ದಿನ ಕಲಬುರಗಿಯ ದನದ ಲ್ಯಾಬಿನಿಂದ ತಪಾಸಣಿ ಪಟ್ಟಿ ಹಿಡಕೊಂಡು ಬಂದಿ. ನಮ್ಮ ಎತ್ತು ಬಿಳಿಯಾ ಮೇವು ಮುಟ್ಟವಲ್ಲ, ಭುಜದ ಮುಂದ ಗಂಟು ಬಂದಾವ ಅಂತ ಎಲ್ಲರಕಿಂತ ಮೊದಲ ನೋಡಿದಾಕಿ ನೀನೇ. ಉಣ್ಣಿ ಕಡಿದು ರಕ್ತದಾಗ ಹುಳ ಸೇರಿರಬೇಕು, ಕಿವಿಯಿಂದ ಒಂದು ಹನಿ ಸಾಕು, ಚಹಾ ಕುಡಿಯೂದರಾಗ ಗೊತ್ತಾಗ್ತದ ಅಂದಿ. ಎರಡು ಗೆರಿ ಬಂದ್ರ ರೋಗ, ಒಂದು ಬಂದ್ರ ಆರಾಮ, ಒಂದೂ ಬರಲಿಲ್ಲಂದ್ರ ಪಟ್ಟಿ ಕೆಟ್ಟದ ಅಂತ ಬಿಡಿಸಿ ಹೇಳಿದಿ.

ನಿಮ್ಮಪ್ಪ ಅಷ್ಟೊತ್ತಿಗೆ ಬಿಳಿಯಾಗ ಕೋಡಿನಿಂದ ಕಿವಿತನಕ ಕೆಂಪು ಹುರಮಂಜು ಬಳದು ಮದಿಮಗನ ಮಾಡಿದ್ದ. ರಕ್ತದ ಕೂಡ ಬಣ್ಣನೂ ಇಳಿದು ಪಟ್ಟಿ ಪೂರಾ ಕೆಂಪಾತು, ಗೆರಿನೇ ಕಾಣಲಿಲ್ಲ. ಕಿವಿ ಸಾಬಾಣ ಹಚ್ಚಿ ತೊಳದು ಇನ್ನೊಮ್ಮೆ ನೋಡೂಣು ಅಂದಿ ನೀ. ಬಣ್ಣ ಹಚ್ಚಿದ ಎತ್ತು ಹಬ್ಬದ ಓಟ ಓಡೂಕಿಂತ ಮೊದಲ ತೊಳದ್ರ ಅಪಶಕುನ, ಗೆರಿ ಇಲ್ಲಂದ್ರ ರೋಗ ಇಲ್ಲ ಅಂತ ನಿಮ್ಮಪ್ಪ ಹಗ್ಗ ಬಿಚ್ಚಿದ. ಬಾಜೂ ಮನಿ ಗುರುಲಿಂಗಪ್ಪ ಓಣಿ ಮಂದಿ ಮುಂದ ನಕ್ಕು, ಡಾಕ್ಟರಬಾಯಿ ಪಟ್ಟಿಗೇ ಜ್ವರ ಬಂದಾವ ಅಂದ. ನೀ ಹೋಳಿಗಿ ಸುದ್ದಾ ಉಣ್ಣದ ಬಸ್ ಹತ್ತಿದಿ.

ಮುಂದಿಂದು ಕೇಳು. ಬಿಳಿಯಾ ಓಡಿ ಬಂದ, ಮರುದಿನ ಏಳಲೇ ಇಲ್ಲ. ನೀ ಗ್ವಾಡಿ ಮಾಡದಾಗ ಬಿಟ್ಟುಹೋದ ಪಟ್ಟಿ ಒಂದು ಇತ್ತಲ್ಲ, ನಾನೇ ಅವನ ಕಿವಿ ಸಾಬಾಣದಿಂದ ತಿಕ್ಕಿ, ಒಣ ಅರಿವಿಲೆ ಒರಸಿ, ನೀ ತೋರಿಸಿದಂಗ ಸೂಜಿ ಚುಚ್ಚಿದೆ. ಎರಡು ಗೆರಿ ಎದ್ದು ಕಂಡವು. ಊರ ಡಾಕ್ಟರ ಬಂದು ಇಂಜೆಕ್ಷನ್ ಮಾಡ್ಯಾರ. ಇವತ್ತು ಮುಂಜಾನೆ ಒಂದೀಟು ನೀರು ಕುಡದಾನ, ಉಳಿತಾನೋ ಇಲ್ಲೋ ಹೇಳಾಕಾಗೂದಿಲ್ಲ. ನಾ ಅವನ ಬಾಜೂಕ ಕುಂತು ಅತ್ತೀನಿ.

ಅಳೂದು ಹೇಳಾಕ ನಿನಗ ಬರೆಯಾಕತ್ತಿಲ್ಲ. ಅವನ ಜೋಡಿ ಎತ್ತು ಕರಿಯಾ ಅದೇ ಕೊಟ್ಟಿಗ್ಯಾಗ ಅದಾನ. ಓಣಿ ಎತ್ತೆಲ್ಲಾ ಅವತ್ತು ಮೈಗೆ ಮೈ ಹಚ್ಚಿ ನಿಂತಿದ್ದವು, ಉಣ್ಣಿ ಯಾವ್ಯಾವಕ್ಕ ಹತ್ಯಾವೋ ಯಾರಿಗೆ ಗೊತ್ತು. ಗುರುಲಿಂಗಪ್ಪನ ಹೆಂಡತಿ ಕಸ್ತೂರಿಬಾಯಿ ತಾನೇ ಬಾಗಿಲಿಗೆ ಬಂದು, ನಿಮ್ಮ ಮಗಳು ಯಾವಾಗ ಬರ್ತಾಳ್ರೀ ಅಂತ ಕೇಳಿಹೋದಳು. ಕಮಲಾಪುರದ ದನದ ಕಿವಿ ಇನ್ನ ಮುಟ್ಟೂದಿಲ್ಲ ಅಂದಿದ್ದಿ ನೀ. ಮುಟ್ಟಬ್ಯಾಡ. ತೊಳಿಯಾಕಿ ನಾನೇ, ಹಿಡಿಯಾಕಿ ನಾನೇ. ನೀ ಪಟ್ಟಿ ತಗೊಂಡು ಬಾ, ಸಾಕು. ಬರಲಿಲ್ಲಂದ್ರ ಕರಿಯಾನ ಹಗ್ಗ ಹಿಡಕೊಂಡು ನಿನ್ನ ಲ್ಯಾಬಿನ ಮುಂದ ನಿಲ್ತೀನಿ, ನೋಡು.

ನಿಮ್ಮಪ್ಪನ ಸುದ್ದಿ ಕೇಳಬ್ಯಾಡ. ಅವ ಇನ್ನೂ ಮಾರಿ ಊದಿಸ್ಕೊಂಡೇ ಕುಂತಾನ.

ನಿನ್ನ ಹಾದಿ ನೋಡಾಕತ್ತಿದ
ಅವ್ವ, ಪುತಳಾಬಾಯಿ

ತಾ.ಕ.: ನಿಮ್ಮಪ್ಪಂದು ಕಡೀಕ ಬರದದ್ದು ಸುಳ್ಳು. ಈ ಕಾಗದ ನಿನ್ನ ಲ್ಯಾಬಿನ ವಾಚಮನ್ ಕೈಯಾಗ ಕೊಟ್ಟು ನಿಮ್ಮಪ್ಪ ಗೇಟಿನ ಹೊರಗ ನಿಂತಿರ್ತಾನ. ಮಗಳ ಮಾರಿ ನೋಡೂ ಧೈರ್ಯ ಇಲ್ಲಂತ. ಎರಡು ಗೆರಿದು ಆ ಪಟ್ಟಿ ಅವನ ಕಿಸೇದಾಗ ಅದ, ಉಗುರ ಸಂದ್ಯಾಗ ಹುರಮಂಜು ಇನ್ನೂ ಹೋಗಿಲ್ಲ. ಒಳಗ ಕರದು ಮೊದಲ ನೀರು ಕೊಡು, ಆಮ್ಯಾಲ ಬೈ.