ಒನ್ಸ್ ಮೋರ್ ಕೂಗದ ಶನಿವಾರ

ಫೆಬ್ರವರಿ 8, 2004, ಭಾನುವಾರ ಬೆಳಿಗ್ಗೆ

ಎಂದಿನಂತೆ ಉಪ್ಪುನೀರು ಮುಕ್ಕಳಿಸಿ, ಬಾಲ್ಕನಿಯಲ್ಲಿ ನಿಂತು ರಂಗಗೀತೆ ಹಾಡಿದೆ. ಈ ಆಫ್ರಿಕನ್ ಶಹರದ ಕಿಲೆಲೆಶ್ವಾ ಬಡಾವಣೆಯ ಫ್ಲಾಟುಗಳಲ್ಲಿ ಅಲಾರಂ ಯಾರಿಗೂ ಬೇಡ, ನಾನಿದ್ದೇನೆ. ಕೆಳಗಿನಿಂದ ವಾಚ್‌ಮನ್ ಜೋಸೆಫ್ ಕೈ ಬೀಸಿದ. ರಸಿಕ.

ತಿಂಡಿಗೆ ಕೂತಾಗ ಚಿನ್ಮಯಿಯಿಂದ ಸುದ್ದಿ. 28ಕ್ಕೆ ವೆಸ್ಟ್‌ಲ್ಯಾಂಡ್ಸ್‌ನ ಒಂದು ರೆಸ್ಟೋರೆಂಟಿನಲ್ಲಿ ಅವಳ ಹಾಡು. ಜಾಝ್. ಬ್ಯಾಂಡ್ ಸಮೇತ. ನನ್ನ ಮಗಳು! ಎದ್ದು ನಿಂತು ಘೋಷಿಸಿದೆ—ಮುಂದಿನ ಸಾಲು ನನ್ನದು. ಹೆಂಡತಿ ಶಾಂತಾ ತಲೆ ತಗ್ಗಿಸಿದಳು. ಮಗಳೂ. ಗೊತ್ತು, ಕಾಲೇಜ್ ಡೇ ನೆನಪು. ಅವತ್ತು ಹಾಡಿನ ನಡುವೆಯೇ 'ಒನ್ಸ್ ಮೋರ್' ಎಂದು ಗುಡುಗಿದ್ದೆ. ನಮ್ಮಪ್ಪನ ನಾಟಕ ಕಂಪನಿಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಇಲ್ಲಿ ಹುಡುಗಿ ಬೆಚ್ಚಿ ಪದವೇ ಮರೆತಳು.

"ಯೂ ಕ್ಯಾನ್ ಕಮ್, ಅಪ್ಪಾ. ಬಟ್ ಫಸ್ಟ್, ಲಿಸನ್."

ಒಂದಿಷ್ಟು ಸಿಡಿ ಮುಂದಿಟ್ಟಳು. ಅರ್ಥವಾಗಿದೆ ಎಂದು ಅವಳಿಗೆ ಅನ್ನಿಸಿದರೆ ಮಾತ್ರ ಪ್ರವೇಶ. ನನಗೆ ಆಡಿಷನ್!

ಫೆ. 10, ಮಂಗಳವಾರ

ಕಾರಿನಲ್ಲಿ ಕೇಳಿದೆ. ಜಾಮ್, ಸುತ್ತ ಮಟಾಟು ವ್ಯಾನುಗಳ ಹಾರನ್. ಹಾಡುವವಳು ಪಿಸುಗುಟ್ಟುತ್ತಾಳೆ. ತಾಳಕ್ಕಿಂತ ಹಿಂದೆ ಬೀಳುತ್ತಾಳೆ. ಒಂದೇ ಹಾಡು ಎರಡು ಸಿಡಿಯಲ್ಲಿ ಎರಡು ಥರ—ಪಾಠ ಸರಿಯಾಗಿ ಆಗಿಲ್ಲವೇ? ಊಟದ ಹೊತ್ತಿಗೆ ಇದನ್ನೇ ಹೇಳಿದೆ. ಚಿನ್ಮಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಪಾಸು.

ಫೆ. 22, ಭಾನುವಾರ

ಬರೆಯಲಿಲ್ಲ. ಕೇಳುತ್ತಿದ್ದೆ.

ಸಿಡಿಯೊಳಗಿನ ಪುಟ್ಟ ಪುಸ್ತಕವನ್ನೂ ಓದಿದೆ. ಗುಲಾಮರ ಹೊಲದ ಹಾಡು, ಚರ್ಚಿನ ಹಾಡು—ಬೇರು ಅಲ್ಲಿದೆ. ಆ ಜನರನ್ನು ಹಡಗಿಗೆ ತುಂಬಿದ್ದು ಈ ಖಂಡದ ಆಚೆ ದಡದಿಂದ. ಇಷ್ಟು ವರ್ಷ ಇಲ್ಲಿದ್ದೂ ಯೋಚಿಸಿರಲಿಲ್ಲ. ಮೈಕ್ ಇಲ್ಲದಾಗ ಜಾಝ್ ಹಾಡುಗಾರರೂ ನಮ್ಮ ಹಾಗೆಯೇ, ಕೊನೇ ಸಾಲಿಗೆ ಕೇಳಿಸುವಂತೆ ಗಂಟಲು ಬಿಚ್ಚಿದವರು. ಮೈಕ್ ಬಂತು, ಪಿಸುಮಾತೂ ಹಾಡಾಯಿತು. ಪದ ಬಿಟ್ಟು ಬರೀ ದನಿಯಲ್ಲಿ ಆಡುವುದೂ ಉಂಟು—ಸ್ಕ್ಯಾಟ್ ಅಂತೆ.

ಆಗ ಹೊಳೆಯಿತು. ಒನ್ಸ್ ಮೋರ್ ಬಿದ್ದಾಗ ಅಪ್ಪ ಎಂದಾದರೂ ಅದೇ ಹಾಡನ್ನು ಅದೇ ಥರ ಹಾಡಿದ್ದರೇ? ಎರಡನೇ ಸಲ ಆಲಾಪ ಬೇರೆ. ಮೂರನೇ ಸಲ ಅಳುವೇ ಬೇರೆ. ಹಾಲ್‌ನಲ್ಲಿ ಓಡಾಡುತ್ತ ಹಾಡಿ ತೋರಿಸಿದೆ. ಚಿನ್ಮಯಿ ಇಯರ್‌ಫೋನ್ ತೆಗೆದು ಪೂರ್ತಿ ಕೇಳಿದಳು. ತಾತನ ಬಗ್ಗೆ ಮೊದಲ ಸಲ ಪ್ರಶ್ನೆ ಕೇಳಿದಳು.

ಪಾಸು! ಆದರೆ ಒನ್ಸ್ ಮೋರ್ ಕೂಗಕೂಡದು, ಅದೊಂದು ಷರತ್ತು. ಮಾತು ಕೊಟ್ಟೆ.

ಫೆ. 29, ಭಾನುವಾರ

ಇವತ್ತು ಬಾಲ್ಕನಿಯಲ್ಲಿ ಹಾಡಿಲ್ಲ. ಜೋಸೆಫ್ ಮೇಲೆ ನೋಡಿ 'ಸವಾ?' ಅಂದ. ಸವಾ, ಎಲ್ಲ ಸರಿಯಾಗಿದೆ ಮಾರಾಯ.

ನಿನ್ನೆ... ಸುತ್ತ ಮಾತು, ಚಮಚದ ಸದ್ದು. ಚಿನ್ಮಯಿ ಮೈಕಿನ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಶುರು ಮಾಡಿದಳು. ತಾಳವನ್ನು ಮುಂದೆ ಬಿಟ್ಟು, ಹಿಂದಿನಿಂದ ಬಂದು ಹಿಡಿಯುವುದು. ನಡುವೆ ಪದ ಬಿಟ್ಟಳು—ಸ್ಕ್ಯಾಟ್. ಅದರೊಳಗೊಂದು ತಿರುವು... ನಮ್ಮಪ್ಪನದು. ಹಾಲ್‌ನಲ್ಲಿ ನಾನು ತೋರಿಸಿದ್ದು. ಚಮಚಗಳು ನಿಂತವು. ನಾನು ಏಳದಂತೆ ಶಾಂತಾ ಮೊಣಕೈ ಹಿಡಿದಿದ್ದಳು.

ಮುಗಿಯಿತು. ಚಪ್ಪಾಳೆ. ನಾನು ಬಾಯಿ ಬಿಡಲಿಲ್ಲ. ಮಾತು ಅಂದರೆ ಮಾತು.

ನಮ್ಮ ಮೇಜಿನ ಕಡೆ ತಿರುಗಿದಳು. ಮನೆಯಲ್ಲೂ ಇಂಗ್ಲಿಷ್ ಬಿಟ್ಟು ಆಡದವಳು, ಮೈಕಿನಲ್ಲಿ, ಕನ್ನಡದಲ್ಲಿ—

"ಅಪ್ಪಾ, ಈಗ ಕೂಗು."

ಎದ್ದೆ. ಎದೆ ತುಂಬ ಉಸಿರೆಳೆದೆ. ಬಂದದ್ದು ಪಿಸುಮಾತು. ಪಕ್ಕದ ಮೇಜಿಗೂ ಕೇಳಿಸಿರಲಿಕ್ಕಿಲ್ಲ. ಅವಳಿಗೆ ಕೇಳಿಸಿತು. ಕಣ್ಣು ಮುಚ್ಚಿ ಅದೇ ಹಾಡು ಎತ್ತಿಕೊಂಡಳು. ಈ ಸಲ ಮೊದಲ ಸಾಲೇ ಬೇರೆ...