ಬಲಗಡೆಯಿಂದ ತೆರೆಯುವ ಕವರು

ಏಪ್ರಿಲ್ 2

ಉಪ್ಪಿಟ್ಟು ತಳ ಹಿಡಿಯಿತು. ಮತ್ತೆ. ಒಲೆ ಮುಂದೆಯೇ ನಿಂತಿದ್ದೆ, ಮನಸ್ಸು ಅಲ್ಲಿರಲಿಲ್ಲ. ಗಾರ್ಮೆಂಟ್ಸ್ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿದೆ... ಹೊಡೆಯಲಿ.

ಹಬ್ಬದ ದಿನದಿಂದ ಹೀಗೆ. ಮಗಳು ಹಬೀಬಾ ಹೊಸ ಬಟ್ಟೆ ಹಾಕಿ ನಿಂತಿದ್ದಳು. ಯಾರೋ ಮೊಬೈಲ್ ಎತ್ತಿದರು. ಬೇಡ ಬೇಡ ಅಂತ ಇವಳು ಕೈ ಅಡ್ಡ ಹಿಡಿದದ್ದು, ಗಲಾಟೆ, ನಗು. ಬಶೀರುನ್ನೀಸಾ ಖಾಲಾ, ಅಮ್ಮಿಯ ತಂಗಿ, ಸೋಫಾದಿಂದಲೇ ಕೂಗಿದರು: "ಯಾ ಅಲ್ಲಾ! ಥೇಟ್ ನಿಮ್ಮಮ್ಮ ಕಣೇ ನಗ್ಮಾ!"

ಎಲ್ಲರೂ ಹೌದೌದು ಅಂದರು. ನಾನೂ ಅಂದೆ. ಅಮ್ಮಿಯ ಮುಖ ನನಗೆ ಎಲ್ಲಿ ನೆನಪಿದೆ? ಒಂದು ಕಣ್ಣು, ಮೂಗುಬೊಟ್ಟು, ಗೋರಂಟಿ ಹಾಕಿದ ಅಂಗೈ. ಅಷ್ಟೇ. ನಾನು ಎಂಟು ವರ್ಷದವಳಿದ್ದಾಗ ತೀರಿಹೋದರು. ಜನ್ಮದಲ್ಲಿ ಒಂದು ಫೋಟೊ ತೆಗೆಸಿಕೊಂಡವರಲ್ಲ.

ಇದನ್ನು ಕನ್ನಡದಲ್ಲಿ ಬರೆಯುವುದೇ ಕ್ಷೇಮ. ಇಂಗ್ಲಿಷ್ ಮೀಡಿಯಂ ಹಬೀಬಾ ಎರಡು ಸಾಲು ಓದುವಷ್ಟರಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತಾಳೆ.

ಏಪ್ರಿಲ್ 3, ಬೆಳಿಗ್ಗೆ

ಹೊಸಕೋಟೆಗೆ ಫೋನ್ ಮಾಡಿದೆ. "ಖಾಲಾ, ಅಮ್ಮಿ ಮುಖ ಹೇಗಿತ್ತು?"

"ಚೆನ್ನಾಗಿತ್ತು ಕಣೇ."

"ಚೆನ್ನಾಗಿ ಅಂದ್ರೆ? ಹಬೀಬಾ ಮೂಗಾ? ಗದ್ದಾನಾ?"

"ಮನುಷ್ಯರ ಮುಖ ಇದ್ದಂಗಿತ್ತು. ಇವತ್ತು ಸಾರು ಏನ್ ಮಾಡ್ದೆ?"

ಇವರನ್ನು ಕಟ್ಟಿಕೊಂಡು ಏನು ಮಾಡಲಿ.

ಏಪ್ರಿಲ್ 3, ಸಂಜೆ

ಇದೆ! ಅಮ್ಮಿಯ ಚಿತ್ರ ಒಂದು ಇದೆ. ಬಸ್ಸಲ್ಲಿ ನೆನಪಾಯಿತು, ಇಳಿಯುವ ಸ್ಟಾಪೇ ದಾಟಿಹೋಯಿತು.

ಅಬ್ಬಾನ ವಿಡಿಯೊ ಲೈಬ್ರರಿ. ಕ್ಯಾಸೆಟ್ಟುಗಳು ಕವರಿಲ್ಲದೆ ಬರುತ್ತಿದ್ದವು. ಅಬ್ಬಾ ರಟ್ಟನ್ನು ಪುಸ್ತಕದ ಹಾಗೆ ಮಡಿಚಿ ಕವರು ಮಾಡಿ, ಹಿಂದೆ ಮುಂದೆ ಎರಡೂ ಬದಿಗೆ ಚಿತ್ರ ಬರೆಯುತ್ತಿದ್ದರು. ಸಿನಿಮಾ ನೋಡಲು ಪುರಸೊತ್ತೆಲ್ಲಿ? ಹೆಸರು ಕೇಳಿಯೇ ಬರೆಯುವುದು. ಸಂಸಾರದ ಕಥೆಗೂ ಒಂದು ಹುಲಿ. ಗಿರಾಕಿ ಮುನಿಶಾಮಪ್ಪ ಕ್ಯಾಸೆಟ್ ವಾಪಸ್ ತಂದು ಬೈಯುತ್ತಿದ್ದರು, "ಏನ್ ಹೈದರಣ್ಣ, ಕೊನೇವರ್ಗೂ ಕಾದ್ರೂ ಹುಲಿ ಬರ್ಲೇ ಇಲ್ವಲ್ಲಾ!"

ಆ ಹುಲಿಗಳ ಹಸಿರು ಕಣ್ಣು... ಟಿವಿ ಮುಂದೆ ಕೂತದ್ದಕ್ಕಿಂತ ಕಪಾಟಿನ ಮುಂದೆ ಕೂತು, ಕವರು ನೋಡುತ್ತಾ ನನ್ನದೇ ಸಿನಿಮಾ ಓಡಿಸಿದ್ದು ಹೆಚ್ಚು. ಈಗಿನ ಪೋಸ್ಟರೆಲ್ಲ ಸಪ್ಪೆ.

ಖಾಲಾ ಮದುವೆಯ ಕ್ಯಾಸೆಟ್ಟಿಗೂ ಒಂದು ಕವರಿತ್ತು. ಕ್ಯಾಮೆರಾ ಕಂಡಾಗಲೆಲ್ಲ ಅಮ್ಮಿ ಅಡುಗೆಮನೆ ಸೇರಿದ್ದರಿಂದ ಇಡೀ ಕ್ಯಾಸೆಟ್ಟಿನಲ್ಲಿ ಅವರಿಲ್ಲ. ಅಬ್ಬಾ ಕವರಿನ ಮೇಲೆ ಅವರನ್ನೇ ಬರೆದರು. "ಒಳಗಂತೂ ಇಲ್ಲ, ಹೊರಗಾದ್ರೂ ಇರ್ಲಿ." ಅಮ್ಮಿಗೆ ಕೋಪ. ಕಪಾಟು ಒರೆಸುವಾಗಲೆಲ್ಲ ಅದನ್ನು ಗೋಡೆ ಕಡೆ ತಿರುಗಿಸಿ ಇಡುತ್ತಿದ್ದರು.

ಆ ಕವರು ಬೇಕು ನನಗೆ.

ಏಪ್ರಿಲ್ 5

ಅಬ್ಬಾ ಹೋದಮೇಲೆ ಅಂಗಡಿ ಖಾಲಿ ಮಾಡಿದವನು ತಮ್ಮ ಅರ್ಮಾನ್. ಅವನನ್ನು ಕೇಳಿದೆ.

"ಕವರೆಲ್ಲ ಕೊಟ್ಬಿಟ್ನಲ್ಲ. ಮಾಕಳಿದುರ್ಗದ ದಾರೀಲಿ ಹೊಸ ಕೆಫೆ ಆಗಿಲ್ವಾ, ಟ್ರೆಕ್ಕಿಂಗ್‌ನೋರು ಬರ್ತಾರಲ್ಲ, ಅಲ್ಲಿ ಗೋಡೆಗೆ ಹಾಕ್ತಾರಂತೆ. ರೆಟ್ರೋ ಅಂತೆ."

"ಕ್ಯಾಸೆಟ್ಟು?"

"ಬೂಷ್ಟು ಹಿಡಿದಿತ್ತು. ಗುಜರಿಗೆ ಹಾಕ್ದೆ. ಯಾಕೆ, ಅಳ್ತಿದೀಯಾ?"

ಅಳಲಿಲ್ಲ. ಫೋನ್ ಇಟ್ಟಮೇಲೆ ಅತ್ತೆ.

ಏಪ್ರಿಲ್ 13, ಭಾನುವಾರ

ವಾರವೆಲ್ಲ ಓವರ್‌ಟೈಮ್. ಇವತ್ತು ಹೋದೆ. ಕೆಫೆ ನಡೆಸುವವಳು ದಿವ್ಯ ಅಂತ, ಒಳ್ಳೆ ಹುಡುಗಿ, ಕೇಳದೆಯೇ ಟೀ ಕೊಟ್ಟಳು.

ಗೋಡೆ ತುಂಬ ಅಬ್ಬಾನ ಕವರು. ಒಂದೊಂದಾಗಿ ನೋಡುತ್ತಾ ಹೋದೆ. ಆದರೆ ಏನೋ ಸರಿಯಿಲ್ಲ. ಹೂವು, ಕಾರು, ತೆಂಗಿನಮರ... ಒಂದೇ ಒಂದು ಹುಲಿ ಇಲ್ಲ! ಖಾಲಾ ಮದುವೆಯದೂ ಸಿಕ್ಕಿತು. ಮೇಲೆ ಹೆಸರಿದೆ, ಮಲ್ಲಿಗೆ ಹಾರ ಇದೆ. ಅಮ್ಮಿ ಇಲ್ಲ.

ಹಾಗಾದರೆ ಎಲ್ಲಾ ನಾನೇ ಕಟ್ಟಿಕೊಂಡದ್ದಾ? ಹುಲಿ ಕೂಡ? ಟೀ ಅರ್ಧಕ್ಕೇ ಬಿಟ್ಟು ಬಂದೆ. ಕೂತರೆ ಕೂರಲಾಗುತ್ತಿಲ್ಲ.

ಏಪ್ರಿಲ್ 17

ಪ್ಯಾಕಿಂಗ್‌ನಲ್ಲಿ ದುಬೈ ಆರ್ಡರು. ಬಟ್ಟೆಗೆ ಕಟ್ಟುವ ಆ ಟ್ಯಾಗು ಪುಸ್ತಕದ ಹಾಗೆ ಮಡಿಚಿರುತ್ತದೆ, ಅರಬ್ಬಿ ಬರಹ, ಬಲಗಡೆಯಿಂದ ತೆರೆಯಬೇಕು. ಹೊಸಬಳು ಅರ್ಪಿತ ಅಷ್ಟನ್ನೂ ಹಿಂದುಮುಂದಾಗಿ ಪೋಣಿಸಿದ್ದಳು. ಬೈಯಲು ಬಾಯಿ ತೆರೆದವಳು ಒಂದು ಟ್ಯಾಗನ್ನು ಎತ್ತಿಕೊಂಡು ತಿರುಗಿಸಿ ನೋಡಿದೆ.

ಅಬ್ಬಾ ಓದಿದ್ದು ಉರ್ದು. ಉರ್ದು ಪುಸ್ತಕದ ಹಾಗೆಯೇ, ಬಲಗಡೆಯಿಂದ ತೆರೆಯುವಂತೆ ಕವರು ಮಡಿಚುತ್ತಿದ್ದರು. ಅವರ ಮುಂಬದಿ ನಮ್ಮ ಹಿಂಬದಿ! ಕೆಫೆಯವರು ಇಂಗ್ಲಿಷ್ ಪುಸ್ತಕ ಅಂದುಕೊಂಡು ಗೋಡೆಗೆ ಅಂಟಿಸಿದ್ದಾರೆ. ಹುಲಿಗಳೆಲ್ಲ ಗೋಡೆ ಕಡೆ. ಅಮ್ಮಿಯೂ ಗೋಡೆ ಕಡೆ.

ಅಂಟಿಸಿದ್ದಾರೆ... ಕೀಳುವಾಗ ಕಿತ್ತುಬಂದರೆ?

ಏಪ್ರಿಲ್ 20, ಭಾನುವಾರ

ಹಬೀಬಾಳನ್ನೂ ಎಳೆದುಕೊಂಡು ಹೋದೆ. ಹೇಳಿದ್ದೇ ತಡ ದಿವ್ಯ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯೋ ಆಂಟಿ, ಇಷ್ಟ್ ದಿನಾನೂ ಬ್ಯಾಕ್ ಸೈಡ್ ತೋರಿಸ್ಕೊಂಡ್ ಕೂತಿದ್ವಾ?"

ಬೆಣ್ಣೆ ಚಾಕು ತಂದು ಮೊದಲು ಬೇರೆ ಒಂದನ್ನು ಬಿಡಿಸಿ ನೋಡಿದಳು. ಹಸಿರು ಕಣ್ಣು! ಕೂಗಿಯೇಬಿಟ್ಟೆ. ಕಿವಿ ಹತ್ತಿರ ಸ್ವಲ್ಪ ಬಣ್ಣ ಹೋಗಿತ್ತು. ಆಮೇಲೆ ಮದುವೆಯದು. ನನ್ನಿಂದ ನೋಡಲಾಗಲಿಲ್ಲ, ಕಿಟಕಿ ಕಡೆ ತಿರುಗಿ ನಿಂತೆ.

"ಬಂತು ಆಂಟಿ. ಏನೂ ಆಗಿಲ್ಲ."

ಅಮ್ಮಿ. ಹಣೆ ಮೇಲೆ ಸೆರಗು. ಒಂದು ಕಣ್ಣು, ಮೂಗುಬೊಟ್ಟು. ಉಳಿದದ್ದೆಲ್ಲ ಮುಚ್ಚುವಂತೆ ಮುಂದೆ ಚಾಚಿದ ಅಂಗೈ, ಗೋರಂಟಿ. ಮುಖ ಇಲ್ಲ. ಅಬ್ಬಾ ಬರೆದೇ ಇರಲಿಲ್ಲ. ಬೇಡ ಅಂದವರನ್ನು ಬೇಡ ಅನ್ನುತ್ತಿರುವ ಹಾಗೇ ಬರೆದಿಟ್ಟಿದ್ದರು.

ಅಬ್ಬಾನ ಮೇಲೆ ಸಿಟ್ಟು ಉಕ್ಕಿತು. ಒಂದು ಗದ್ದ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ಇಷ್ಟು ವರ್ಷ ಅಮ್ಮಿ ಅಂತ ನಾನು ನೆನೆಸಿಕೊಂಡದ್ದು ಈ ರಟ್ಟನ್ನು.

"ಇವ್ರಾ ನಾನೀ? ನಿಮ್ಮಮ್ಮ?" ಹಬೀಬಾ ಬಗ್ಗಿ ನೋಡಿದಳು. "ಮುಖಾನೇ ಕಾಣ್ಸಲ್ವಲ್ಲ ಮಮ್ಮಿ. ನಾನೆಲ್ಲಿ ಇವ್ರ ಥರ ಇದೀನಿ?"

ಗೊತ್ತಿಲ್ಲ ಅಂದೆ. ಹೋಗಲಿ, ಕಣ್ಣಾದರೂ ಹೋಲಿಸಿ ನೋಡೋಣ ಅಂತ ಕವರನ್ನು ಅವಳ ಪಕ್ಕ ಇಟ್ಟು ಮೊಬೈಲ್ ಎತ್ತಿದೆ.

"ಏ ಬೇಡ ಮಮ್ಮಿ, ತಲೆ ಬಾಚಿಲ್ಲ—"

ಅಂಗೈ ಅಡ್ಡ ಬಂತು. ಬೆರಳ ಪಕ್ಕದಲ್ಲಿ ಅವಳ ಒಂದು ಕಣ್ಣು, ಕವರಿನಲ್ಲಿದ್ದ ಹಾಗೇ.

ಖಾಲಾ ಹೇಳಿದ್ದು ಮುಖದ ಮಾತೇ ಅಲ್ಲ. ಹಬ್ಬದ ದಿನ ಖಾಲಾ ನೋಡಿದ್ದು ಇದನ್ನೇ, ಬೇಡ ಅಂತ ಅಡ್ಡ ಬಂದ ಈ ಕೈಯನ್ನು.